ಗೌರಕ್ಕನಿಗಾಗಿ ವೇಗದ ರ್‍ಯಾಮ್

ಗೋಕಾಕದಲ್ಲಿ ತಮ್ಮಷ್ಟು ತಲೆಯಿರುವವರು ಇನ್ನೊಬ್ಬರಿಲ್ಲ ಎಂಬುದರಲ್ಲಿ ಡಾಕ್ಟರ್ ಅನ್ನಪೂರ್ಣಾ ಅವರಿಗೆ ಅನುಮಾನವಿರಲಿಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಮಾವು, ಚಿಕ್ಕುಗಳಿಗೆ ಕಸಿ ಕಟ್ಟುವುದನ್ನು ಕಲಿಸಿ ನಿವೃತ್ತರಾದವರಿಗೆ ಕಂಪ್ಯೂಟರಿಗೆ ಒಂದು ರ್‍ಯಾಮ್ ಸಿಕ್ಕಿಸುವುದು ಯಾವ ಮಹಾವಿದ್ಯೆ!

ಸಿಕ್ಕಿಸಲೇಬೇಕಿತ್ತು. ವಾರವಿಡೀ ಆ ಮನೆಯಲ್ಲಿ ಅವರೊಡನೆ ಮಾತಾಡುವುದು ಕುಕ್ಕರಿನ ಸೀಟಿ ಒಂದೇ. ಭಾನುವಾರ ಮಾತ್ರ ದಡ್ಡಿ ಎಂಬ ಊರಿನಿಂದ ಹಾಸ್ಟೆಲ್ ಕಾಲದ ಗೆಳತಿ ಗೌರಕ್ಕ ವಿಡಿಯೋ ಕಾಲ್ ಮಾಡುತ್ತಿದ್ದಳು. ಆಗಲೂ ಅವಳ ತೆರೆಯ ಮೇಲೆ ಅನ್ನಪೂರ್ಣಾ ಅವರ ಚಿತ್ರ ನಡುನಡುವೆ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಹೋದ ವಾರ ಗೌರಕ್ಕ, "ಸಾಕಾತವ್ವಾ! ಇನ್ನೊಂದ ಸಲ ನೋಡತೇನಿ, ಆಮ್ಯಾಲ ಫೋನ್ ಹಚ್ಚಂಗಿಲ್ಲ" ಎಂದು ಕಟ್ ಮಾಡಿದ್ದಳು. ತಪ್ಪು ಯಂತ್ರದ್ದು! ಮತ್ತಿನ್ಯಾರದು?

ಹೊಸ ರ್‍ಯಾಮ್ ಬಂತು. ಡಬ್ಬಿಯ ಮೇಲೆ ವೇಗ ೩೨೦೦ ಎಂದಿತ್ತು. ಹಳೆಯದರ ಪಕ್ಕ ಸಿಕ್ಕಿಸಿದರೆ ಪರದೆ ೨೪೦೦ ಎಂದಿತು. ಕಂಪ್ಯೂಟರ್ ಅಂಗಡಿಯ ಬಾಳೇಶನಿಗೆ ಫೋನ್ ಹೋಯಿತು.

"ಮೋಸ ಮಾಡೀಯೇನೋ?"

"ಹಳೇದರ ಜೋಡಿ ಹಾಕೀರೇನ್ರಿ ಮೇಡಂ? ಜೋಡಿ ಎತ್ತಿನ್ಯಾಗ ಒಂದು ಮುದೇದಿದ್ರ ಬಂಡಿ ಅದರ ನಡಿಗೀಲೇ ಹೋಗೂದು."

'ಮುದೇದು' ಎಂಬ ಮಾತು ಅವರಿಗೆ ಹಿಡಿಸಲಿಲ್ಲ. ಹಳೆಯದನ್ನು ಕಿತ್ತು ಹೊಸದೊಂದನ್ನೇ ಬಿಟ್ಟರು. ಈಗ ೨೧೩೩! ಎತ್ತು ಹೋಗಿ ಆಮೆ ಬಂದಿತ್ತು! ಮತ್ತೆ ಬಾಳೇಶನಿಗೆ ಫೋನ್.

"ಡಬ್ಬಿ ಮ್ಯಾಲಿಂದು ಅದು ಓಡಬಲ್ಲ ವೇಗರಿ, ಓಡೂ ವೇಗ ಅಲ್ಲ. ನೀವಾಗಿ ಸೆಟ್ಟಿಂಗ್‌ನ್ಯಾಗ ಹೋಗಿ ಓಡು ಅಂತ ಹೇಳೂತನಕ ಸಾವಕಾಶ ನಡೀತೈತಿ."

"ನರ್ಸರಿಯವರೂ ಮೂರ ವರ್ಷಕ್ಕ ಹಣ್ಣು ಅಂತ ಬೋರ್ಡ್ ಹಾಕಿ ಸಸಿ ಮಾರತಾರ. ನಿಮ್ಮದೂ ಅದ ಜಾತಿ!"

ಬೈದು ಮುಗಿಸಿ ಸೆಟ್ಟಿಂಗ್‌ಗೆ ನುಗ್ಗಿದರು. ಯಂತ್ರ ಒಮ್ಮೆ ಸತ್ತು, ಒಮ್ಮೆ ಎದ್ದು, ಕೊನೆಗೆ ೩೨೦೦ ಎಂದು ಶರಣಾಯಿತು.

ಭಾನುವಾರ ಗೌರಕ್ಕ ತೆರೆಯ ಮೇಲೆ ಬಂದಳು. ಅನ್ನಪೂರ್ಣಾ ರ್‍ಯಾಮ್ ಪುರಾಣ ಬಿಚ್ಚಿದರು. ಗೌರಕ್ಕ ಮೊಣಕಾಲಿನ ಸುದ್ದಿ ಎತ್ತಿದಳು. ಮೊಣಕಾಲಿನ ರಚನೆಯ ಮೇಲೆ ಉಪನ್ಯಾಸವಾಯಿತು. ಉಪ್ಪಿನಕಾಯಿ ಕೆಟ್ಟಿತೆಂದಳು, ಬೂಷ್ಟಿನ ಜಾತಿಗಳ ವಿವರಣೆ ಬಂತು.

"ಇವತ್ತ ನಿನ್ನ ಕಂಪ್ಯೂಟರ್ ನಿಲ್ಲವಲ್ದಲ್ಲ?" ಗೌರಕ್ಕ ಸೋತ ದನಿಯಲ್ಲಿ ಕೇಳಿದಳು.

"ಇನ್ನ ನಿಲ್ಲೂದ ಇಲ್ಲ!"

"ಅಯ್ಯ ನನ್ನ ಶಿವನ! ಅದು ನಿಂತಾಗಷ್ಟ ನನಗ ಮಾತಾಡಾಕ ಸಿಗತಿತ್ತು. ನಿಂದೇನು ಮಾತೋ, ಪಾಠೋ? ನನಗ ಸಾಕಾಗಿದ್ದ ಅದು!"

ಗೌರಕ್ಕನ ಬೆರಳು ಕೆಂಪು ಗುಂಡಿಯ ಕಡೆ ಹೊರಟಿತು.

ಅನ್ನಪೂರ್ಣಾ ಉತ್ತರಕ್ಕೆಂದು ಬಾಯಿ ತೆರೆದವರು ಹಾಗೆಯೇ ನಿಂತರು. ರೆಪ್ಪೆಯನ್ನೂ ಬಡಿಯಲಿಲ್ಲ.

"ಅಗಾ, ನಿಂತಿತು ನೋಡು!" ಗೌರಕ್ಕ ಬೆರಳು ಹಿಂದೆ ತೆಗೆದು ಚಕ್ಕಳಮಕ್ಕಳ ಹಾಕಿ ಕುಳಿತಳು. "ಕೇಳಿಸ್ತೈತಿಲ್ಲೋ ಗೊತ್ತಿಲ್ಲ, ಆದ್ರೂ ಹೇಳತೇನಿ ಅನ್ನಪೂರ್ಣಿ. ನನಗೂ ಹಗಲ ಸರಿಯವಲ್ದು..."

ಮೂಗಿನ ತುದಿಗೆ ನೊಣವೊಂದು ಬಂದು ಕೂತಿತು. ಡಾಕ್ಟರ್ ಅನ್ನಪೂರ್ಣಾ ಅಲುಗಾಡಲಿಲ್ಲ.