ತಂಗಿಯ ಟಿವಿ ಮದುವೆಗಳೂ ನಮ್ಮ ಮಾಮಾನೂ

ಅಕ್ಕನ ಮಗಳ ಮದುವೆಗೆಂದು ಮುಂಬೈತನಕ ಹೋಗಿ, ಆ ಮದುವೆಯನ್ನೇ ನಿಲ್ಲಿಸಿ ಬಂದ ಸೋದರಮಾವ ನಿಮ್ಮಲ್ಲಿ ಯಾರಿಗಾದರೂ ಇದ್ದಾನೆಯೇ? ನನಗಿದ್ದಾನೆ! ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ ತೊಗರಿ ಬೆಳೆಯುತ್ತಾನೆ. ಉಳಿದ ವೇಳೆಯಲ್ಲಿ ನಟಿಯಾದ ನನ್ನ ತಂಗಿಯ ವೃತ್ತಿಜೀವನವನ್ನು ನೋಡಿಕೊಳ್ಳುತ್ತಾನೆ. ಆ ಕೆಲಸವನ್ನು ಅವನಿಗೆ ಯಾರೂ ಒಪ್ಪಿಸಿಲ್ಲ.

ತಂಗಿ ಸೋಲಾಪುರದಲ್ಲಿ ಸೌಂದರ್ಯ ಸ್ಪರ್ಧೆ ಗೆದ್ದ ದಿನವೇ ಇದರ ಸುಳಿವು ಸಿಕ್ಕಿತ್ತು. ವೇದಿಕೆಯ ಮೇಲೆ ತೀರ್ಪುಗಾರರು, "ನಿನಗೆ ಆದರ್ಶ ಯಾರು?" ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಸಭಿಕರ ನಡುವಿನಿಂದ ಮಾಮಾ ಎದ್ದು ನಿಂತ. "ನಾ ಅದೀನ್ರಿ ಮೇಡಮ್, ಇಲ್ಲೇ ಕುಂತೀನಿ!" ಸಭೆಯೆಲ್ಲ ನಕ್ಕಿತು, ತಂಗಿಯೂ ನಕ್ಕಳು. ಆ ನಗೆಗೇ ಕಿರೀಟ ಬಂತೆಂದು ಮಾಮಾ ಇಂದಿಗೂ ವಾದಿಸುತ್ತಾನೆ.

ಕಿರೀಟದ ಬೆನ್ನಿಗೇ ಮರಾಠಿ ಧಾರಾವಾಹಿ ಬಂತು. ಮೊದಲು ನಾಯಕಿಯ ಗೆಳತಿಯಾದಳು, ಆಮೇಲೆ ನಾಯಕಿಯೇ ಆದಳು. ನಾಯಕಿ ಎಂದಮೇಲೆ ಮದುವೆ ತಪ್ಪುತ್ತದೆಯೇ? ನಮ್ಮ ಕಡೆ ಅಕ್ಕಿಕಾಳು ಬೀಳುವಾಗ ಮದುಮಗಳ ಹಿಂದೆ ಸೋದರಮಾವ ನಿಲ್ಲಬೇಕು. ಟಿವಿಯಲ್ಲಿ ಯಾರೋ ಮೀಸೆಯವನು ನಿಂತಿದ್ದ. ಮಾಮಾ ತಕ್ಷಣ ಫೋನು ಹಚ್ಚಿದ.

"ಯಾರವಾ ಅಂವಾ, ನಿನ್ನ ಹಿಂದ ನಿಂತಾಂವಾ?"

"ಆ್ಯಕ್ಟರ್ ಅದಾನ, ಮಾಮಾ. ದಿನದ ಪಗಾರದ ಮ್ಯಾಲ ಬರ್ತಾನ."

"ನಾ ಬಿಟ್ಟಿ ಬರ್ತಿದ್ನಲ್ಲ!"

ಮುಂದಿನ ಧಾರಾವಾಹಿಯ ಮದುವೆಗೆ ಗುಲಾಬಿ ರುಮಾಲು ಸುತ್ತಿಕೊಂಡು ಮುಂಬೈಗೆ ಹೋಗಿಯೇಬಿಟ್ಟ. ನಿರ್ದೇಶಕರು ಪಾಪ, ದೊಡ್ಡ ಮನಸ್ಸಿನಿಂದ ಅವನನ್ನೇ ಹಿಂದೆ ನಿಲ್ಲಿಸಿದರು. ಕ್ಯಾಮೆರಾ ಶುರುವಾಗಬೇಕು, ಅಷ್ಟರಲ್ಲಿ ಮಾಮಾ ಕೈ ಎತ್ತಿದ. ಅಂದು ಅಮಾವಾಸ್ಯೆಯಂತೆ!

"ಕಾಕಾ, ಹೇ ಲಗ್ನ ಖೋಟಂ ಆಹೇ," ಇದು ಸುಳ್ಳು ಮದುವೆ ಎಂದು ನಿರ್ದೇಶಕರು ಮರಾಠಿಯಲ್ಲಿ ಅಂಗಲಾಚಿದರು.

ಸಿಟ್ಟು ಬಂದರೆ ಮಾಮಾನಿಗೆ ಕನ್ನಡವೇ ಬರುವುದು. "ಲಗ್ನ ಖೋಟಾ ಇರಬಹುದ್ರಿ ಸಾಹೇಬ್ರ, ಅಮಾಸಿ ಖರೇ ಐತಿ!"

ಅವರಿಗೆ ಎಷ್ಟು ಅರ್ಥವಾಯಿತೋ ಕಾಣೆ, ಅಂದಿನ ಚಿತ್ರೀಕರಣವಂತೂ ನಿಂತಿತು.

ಆಮೇಲೆ ತಂಗಿ ಸಿನಿಮಾಕ್ಕೆ ಹೋದಳು. ಮೊದಲ ಸಿನಿಮಾದಲ್ಲಿ ಓಡಿಹೋಗಿ ಮದುವೆಯಾಗುವ ಪಾತ್ರ. ಮಾಮಾ ಸೋಲಾಪುರದ ಟಾಕೀಸಿನಿಂದ ಅರ್ಧಕ್ಕೇ ಎದ್ದು ಬಂದ. "ಮಾಮಾ ಇಲ್ಲದ ಲಗ್ನ ನಾ ಒಪ್ಪಂಗಿಲ್ಲ!"

ಇಷ್ಟೆಲ್ಲ ಅವನಿಗೆ ತಾಲೀಮು ಮಾತ್ರ. ಕಾಯುತ್ತಿದ್ದುದು ಅವಳ ನಿಜವಾದ ಮದುವೆಗೆ. ಅವಳೋ, ಮದುವೆಯೇ ಬೇಡವೆಂದು ನಿರ್ಧರಿಸಿಬಿಟ್ಟಿದ್ದಳು. ನಮಗೆಲ್ಲ ಹೇಳಿದ್ದಳು, ಒಪ್ಪಿದ್ದೆವು. ಮಾಮಾನಿಗೆ ಹೇಳಲು ಮಾತ್ರ ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ.

ಹೋದ ಸಂಕ್ರಾಂತಿಗೆ ಹನ್ನೂರಿಗೆ ಬಂದವಳು ಊಟವಾದ ಮೇಲೆ ಹೇಳಿಯೇಬಿಟ್ಟಳು. "ಮಾಮಾ, ನಾ ಲಗ್ನ ಮಾಡ್ಕೊಳ್ಳಂಗಿಲ್ಲ. ಯಾವತ್ತೂ." ಮಾಮಾ ಎದ್ದು ಒಳಗೆ ಹೋದ. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಹೊರಬಂದಾಗ ಕೈಯಲ್ಲೊಂದು ಹಳದಿ ಸೀರೆ. ಮದುಮಗಳಿಗೆ ಸೋದರಮಾವ ತರಬೇಕಾದ ಸೀರೆ ಅದು. ಅವಳು ಕಿರೀಟ ಗೆದ್ದ ವರ್ಷವೇ ಕೊಂಡಿಟ್ಟಿದ್ದನಂತೆ.

"ಮಾಮಾ, ಇದು ಲಗ್ನದ್ದಲ್ಲೇನ?" ತಂಗಿಯ ದನಿ ಒಡೆಯಿತು.

ಮಾಮಾ ಸೀರೆಯನ್ನು ಅವಳ ತೊಡೆಯ ಮೇಲಿಟ್ಟ. "ಲಗ್ನಕ್ಕ ಯಾರ ತಂದಾರ ಹುಚ್ಚಿ? ನಿನಗ ತಂದೀನಿ. ಉಟ್ಕೊಂಡು ಬಾ, ನೋಡ್ತೀನಿ."