ಅಳೆದೂ ತೂಗಿ ಕೊಂಡ ಕ್ಯಾಮೆರಾ

ಇದುವರೆಗೆ ಭೂಮಿಯ ಮೇಲೆ ಯಾರೂ ಕೊಂಡಿರದಷ್ಟು ಸರಿಯಾಗಿ ಒಂದು ಕ್ಯಾಮೆರಾ ಕೊಳ್ಳುವುದೆಂದು ರಾಪೋಲಸ್ ಸೆಪ್ಟೆಂಬರಿನ ಮೊದಲ ಶನಿವಾರ, ಬೆಳಗಿನ ಕಾಫಿಯ ಹೊತ್ತಿಗೆ ತೀರ್ಮಾನಿಸಿದ. ಹೆಂಡತಿ ಅಲ್ದೋನಾಗೂ ತಿಳಿಸಿದ. ಕರಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಅವಳು ತಲೆಯೆತ್ತದೆ "ಹೂಂ" ಅಂದಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಂಥ ತೀರ್ಮಾನಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ವಾಷಿಂಗ್ ಮೆಷಿನ್ನೂ ಹೀಗೇ ಮನೆಗೆ ಬಂದಿತ್ತು. ಅದು ಬರುವಷ್ಟರಲ್ಲಿ ಅವಳು ಎಂಟು ತಿಂಗಳು ಕೈಯಲ್ಲೇ ಬಟ್ಟೆ ಒಗೆದಿದ್ದಳು.

ರಾಪೋಲಸ್ ದಕ್ಷಿಣ ಲಿಥುವೇನಿಯಾದ ಒಂದು ಊರಿನಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಸಂತೆಯಲ್ಲಿ ಆಲೂಗಡ್ಡೆ ಮಾರುವ ಅಜ್ಜಿಯರ ತಕ್ಕಡಿ ಪರೀಕ್ಷಿಸಿ ಸೀಲು ಹಾಕುವವನು. 'ಅಳೆದೂ ತೂಗಿ' ಅಂತ ಉಳಿದವರು ಬಾಯಿಮಾತಿಗೆ ಹೇಳುತ್ತಾರೆ. ಅವನಿಗೆ ಅದಕ್ಕೆ ತಿಂಗಳ ಸಂಬಳ ಬರುತ್ತಿತ್ತು. ಊರಿನಲ್ಲಿ ಅವನು ತೂಕದ ಮನುಷ್ಯ ಎಂದೇ ಹೆಸರು. ಹೊಟ್ಟೆಯೂ ಆ ಹೆಸರಿಗೆ ತಕ್ಕಂತೆಯೇ ಇತ್ತು.

ಕ್ಯಾಮೆರಾ ಬೇಕಾದದ್ದು ಅಕ್ಟೋಬರಿಗೆ. ಅಲ್ದೋನಾಳ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುತ್ತಿತ್ತು, ಮನೆಯಲ್ಲೇ ದೊಡ್ಡ ಊಟ. ಹಿರಿಯ ಅಳಿಯನಾದ ತಾನಲ್ಲದೆ ಇನ್ಯಾರು ಚಿತ್ರ ತೆಗೆಯಬೇಕು? ಮಧ್ಯಾಹ್ನ ಅಂಗಡಿಗೆ ಹೋದವನು ಎರಡು ಡಬ್ಬ ಹಿಡಿದುಕೊಂಡು ಬಂದ. ಒಂದು ಬೆಳ್ಳಿ ಬಣ್ಣದ್ದು, ಒಂದು ಕೆಂಪು. ಎರಡೂ ಡಿಜಿಟಲ್, ಎರಡೂ ಅಂಗೈಯಗಲ, ಎರಡೂ ಅಂಗಡಿಯ ಅತಿ ಕೆಳಗಿನ ಕಪಾಟಿನವು.

"ಎರಡು ಯಾಕೆ?"

"ಹೋಲಿಸಿ ನೋಡೋದಕ್ಕೆ. ಡಬ್ಬ ಹಾಳಾಗದೆ ಇದ್ರೆ ಹದಿನಾಲ್ಕು ದಿನದೊಳಗೆ ವಾಪಸ್ ತಗೋತಾರೆ. ಗೆದ್ದದ್ದು ನಮಗೆ, ಸೋತದ್ದು ಅಂಗಡಿಗೆ."

"ಕೆಂಪು ಚೆನ್ನಾಗಿದೆ. ನನ್ನ ಕೈಚೀಲದಲ್ಲಿ ಹಿಡಿಸುತ್ತೆ."

"ಕೈಚೀಲದಲ್ಲಿ ಹಿಡಿಸೋದು ಗುಣ ಅಲ್ಲ, ಗಾತ್ರ," ಎಂದು ತಿದ್ದಿದ ರಾಪೋಲಸ್, ಎರಡೂ ಡಬ್ಬಗಳನ್ನು ಬೀರುವಿನ ಮೇಲಿಟ್ಟು, ಅವನ್ನು ಮುಟ್ಟಬಾರದೆಂದು ಚೀಟಿ ಅಂಟಿಸಿದ. ಮನೆಯಲ್ಲಿದ್ದವರು ಇಬ್ಬರೇ. ಚೀಟಿ ಯಾರಿಗೆಂದು ಅಲ್ದೋನಾ ಕೇಳಲಿಲ್ಲ.

ಇಲ್ಲಿ ಅವನ ಮಾವನವರ ವಿಷಯ ಹೇಳಬೇಕು. ಪ್ರಾನಸ್ ಮಾವ ರೈಲ್ವೆಯಲ್ಲಿ ನಲವತ್ತು ವರ್ಷ ಕೆಂಪು, ಹಸಿರು ದೀಪ ತೋರಿಸಿ ನಿವೃತ್ತರಾದವರು. ಅಷ್ಟು ವರ್ಷ ಅವರಿಗೆ ಮಾತಿನ ಅಗತ್ಯ ಬಿದ್ದಿರಲಿಲ್ಲ. ಆಮೇಲೆ ಅಭ್ಯಾಸ ತಪ್ಪಿಹೋಯಿತು. ಲಿಥುವೇನಿಯಾದ ಆ ದಕ್ಷಿಣ ಸೀಮೆಯಲ್ಲಿ ಹಿರಿಯರು ಮನೆ, ಜಮೀನು, ಬ್ಯಾಂಕಿನ ಪುಸ್ತಕ ಎಲ್ಲವನ್ನೂ ಬದುಕಿದ್ದಾಗಲೇ ಮಕ್ಕಳ ಹೆಸರಿಗೆ ಬರೆದುಕೊಡುತ್ತಾರೆ. ಕಾಡಿನಲ್ಲಿ ತಾವು ಅಣಬೆ ಕೀಳುವ ಜಾಗವನ್ನು ಮಾತ್ರ ಕೊನೆಯುಸಿರಿನ ತನಕ ಹೇಳುವುದಿಲ್ಲ. ಪಾದ್ರಿಗೆ ಪಾಪಗಳನ್ನೆಲ್ಲ ಒಪ್ಪಿಸಿ, ಈ ಒಂದು ಗುಟ್ಟನ್ನು ಜೊತೆಗೇ ತೆಗೆದುಕೊಂಡು ಹೋದವರುಂಟು. ಅದೂ ಸಾಧಾರಣ ಅಣಬೆಯಲ್ಲ. ಕಂದು ಟೊಪ್ಪಿಗೆಯ, ದಪ್ಪ ಬಿಳಿ ಕಾಲಿನ ರಾಜ ಅಣಬೆ.

'ಅಳಿಯ ಅಲ್ಲ, ಮಗಳ ಗಂಡ' ಎಂದು ನಾವು ತಮಾಷೆ ಮಾಡುತ್ತೇವಲ್ಲ, ಪ್ರಾನಸ್ ಮಾವನವರ ಲೆಕ್ಕದಲ್ಲಿ ಅವೆರಡೂ ನಿಜವಾಗಿ ಬೇರೆ ಬೇರೆ. ಹದಿನೆಂಟು ವರ್ಷ ರಾಪೋಲಸ್ ಬರೀ ಮಗಳ ಗಂಡನಾಗಿದ್ದ. ಅಳಿಯನಾದದ್ದು ಹೋದ ವರ್ಷದ ಅಕ್ಟೋಬರಿನಲ್ಲಿ. ಒಂದು ಬೆಳಿಗ್ಗೆ ಮಾವ ಅವನೊಬ್ಬನನ್ನೇ ಕರೆದುಕೊಂಡು, ಕಾಡಿನಲ್ಲಿ ಮೂರು ಸುತ್ತು ಸುಮ್ಮನೆ ಸುತ್ತಿಸಿ, ಒಂದು ಪೈನ್ ತೋಪಿನ ಹತ್ತಿರ ನಿಂತರು.

"ಇದೇ. ಯಾರಿಗೂ ಹೇಳಬಾರದು."

"ಅಲ್ದೋನಾಗೆ?"

"ಯಾರಿಗೂ ಅಂದೆ."

ಕಾಡನ್ನು ಅರಣ್ಯ ಇಲಾಖೆಯವರು ಚೌಕ ಚೌಕ ಮಾಡಿ, ಮೂಲೆಮೂಲೆಗೆ ನಂಬರು ಬರೆದ ಗೂಟ ನೆಟ್ಟಿದ್ದಾರೆ. ರಾಪೋಲಸ್‌ನ ಕಣ್ಣು ಅಭ್ಯಾಸಬಲದಿಂದ ಗೂಟದ ಕಡೆ ಹೊರಳಿದ್ದು ಕಂಡು ಮಾವ ಅವನ ಮುಖವನ್ನು ಕೈಯಿಂದ ಈಚೆಗೆ ತಿರುಗಿಸಿದರು. "ನಂಬರು ನೋಡಬೇಡ. ತಲೇಲಿ ಇಟ್ಕೊಂಡದ್ದು ಇವತ್ತಲ್ಲ ನಾಳೆ ಬಾಯಿಗೆ ಬರುತ್ತೆ. ಕಾಲಿಗೆ ದಾರಿ ಗೊತ್ತಿದ್ರೆ ಸಾಕು."

ಅಂದಿನಿಂದ ರಾಪೋಲಸ್‌ನ ನಡಿಗೆಯೇ ಬದಲಾಯಿತು. ಮಾವನ ಮನೆಯ ಊಟದ ಮೇಜಿನಲ್ಲಿ ಎದುರಿಗೆ ಕೂರುವ ಷಡ್ಡಕ ಎವಾಲ್ದಸ್‌ನನ್ನು ಅವನು ಕರುಣೆಯಿಂದ ನೋಡತೊಡಗಿದ. ಅಲ್ದೋನಾಳ ತಂಗಿಯ ಗಂಡನಾದ ಈ ಎವಾಲ್ದಸ್ ಕೊಳಾಯಿ, ಪೈಪು ರಿಪೇರಿ ಮಾಡುವವನು. ಊಟದಲ್ಲಿ ಅವನ ಬಾಯಿ ಚಮಚಕ್ಕಲ್ಲದೆ ಬೇರೆ ಯಾವುದಕ್ಕೂ ತೆರೆದದ್ದಿಲ್ಲ. ಪಾಪ, ಬರೀ ಮಗಳ ಗಂಡ.

ಇರಲಿ, ಕ್ಯಾಮೆರಾಕ್ಕೆ ಬರೋಣ. ರಾಪೋಲಸ್ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಹತ್ತು ಪರೀಕ್ಷೆ, ಪರೀಕ್ಷೆಗೆ ಹತ್ತು ಅಂಕ ಎಂದು ನಿಗದಿ ಮಾಡಿದ. ಮೊದಲನೆಯದು ಬಣ್ಣ. ಬೀಟ್‌ರೂಟ್ ಹಾಕಿ ಮಾಡಿದ ತಣ್ಣನೆಯ ಸಾರು ಊಟಕ್ಕಿತ್ತು. ಅಲ್ದೋನಾ ಬಡಿಸಿದ ಮೇಲೆ ಇಪ್ಪತ್ತು ನಿಮಿಷ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಬೆಳ್ಳಿ ಕ್ಯಾಮೆರಾದಲ್ಲಿ ಸಾರು ಗುಲಾಬಿಯಾಗಿಯೇ ಬಂತು, ಮೇಲೆ ತೇಲುವ ಸೊಪ್ಪಿನ ಎಳೆಎಳೆಯನ್ನೂ ಎಣಿಸಬಹುದಿತ್ತು. ಕೆಂಪಿನಲ್ಲಿ ಅದು ಸಾರೋ ಇಟ್ಟಿಗೆಯೋ ಎಂದು ಕೇಳುವ ಹಾಗೆ ಬಂತು. ಎರಡನೆಯದು ವೇಗ. ಕೆಳಗಿನ ಮನೆಯ ನಾಯಿಯನ್ನು ಓಡಿಸಿದ್ದಾಯಿತು. ಬೆಳ್ಳಿಯಲ್ಲಿ ಇಡೀ ನಾಯಿ ಸಿಕ್ಕಿತು. ಕೆಂಪಿನ ಗುಂಡಿ ಒತ್ತಿ, ಅದು ಯೋಚಿಸಿ, ಒಪ್ಪಿ, ಚಿತ್ರ ತೆಗೆಯುವಷ್ಟರಲ್ಲಿ ನಾಯಿ ದಾಟಿಹೋಗಿ ಬಾಲದ ತುದಿ ಮಾತ್ರ ಉಳಿದಿತ್ತು.

ಮೂರನೆಯದು ಮುಖ. ಇದಕ್ಕೆ ಅತ್ತೆಯವರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿದ. ಬೆಳ್ಳಿ ಕ್ಯಾಮೆರಾ ಅತ್ತೆಯವರ ಎಪ್ಪತ್ತೊಂದು ವರ್ಷವನ್ನೂ ಒಂದೂ ಬಿಡದೆ ದಾಖಲಿಸಿತು. ಕೆಂಪು ಇಪ್ಪತ್ತು ವರ್ಷ ಇಳಿಸಿತು. ಅತ್ತೆ ಎರಡು ಚಿತ್ರಗಳನ್ನೂ ದೂರ ಹಿಡಿದು ನೋಡಿ ಹೇಳಿದರು, "ಈ ಕೆಂಪು ಒಳ್ಳೇದು. ಆ ಇನ್ನೊಂದು ಸುಳ್ಳು ಹೇಳುತ್ತೆ."

"ಅದು ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ ಅತ್ತೆ."

"ಅಂಥವರನ್ನ ಯಾರೂ ಹಬ್ಬಕ್ಕೆ ಕರೆಯಲ್ಲ," ಎಂದರು ಅತ್ತೆ.

ಇದು ವೈಜ್ಞಾನಿಕ ಅಭಿಪ್ರಾಯವಲ್ಲವೆಂದು ರಾಪೋಲಸ್ ನೋಟ್‌ಬುಕ್ಕಿನಲ್ಲಿ ಷರಾ ಬರೆದ.

ಕೊನೆಯ ಪರೀಕ್ಷೆ ಹೊರಾಂಗಣ. ಎರಡನೆಯ ಭಾನುವಾರ ಅವನೊಬ್ಬನೇ ಗುಟ್ಟಿನ ಜಾಗಕ್ಕೆ ಹೋದ. ಪಾಚಿಯ ಮೇಲೆ ಅಣಬೆರಾಯ ಸಿಂಹಾಸನವೇರಿ ಕೂತಿದ್ದ. ಒಂದು ಬನ್ನಿನಷ್ಟು ಅಗಲ. ಪಕ್ಕದಲ್ಲಿ ಮಡಚುವ ಅಡಿಪಟ್ಟಿ ಇಟ್ಟ. ಹತ್ತೊಂಬತ್ತು ಸೆಂಟಿಮೀಟರ್ ಎತ್ತರ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಒಂದೇ ಕಡೆಯಿಂದ, ಒಂದೇ ಬೆಳಕಿನಲ್ಲಿ, ಎರಡೂ ಕ್ಯಾಮೆರಾಗಳಲ್ಲಿ ಒಂದೊಂದು ಚಿತ್ರ ತೆಗೆದ. ಎಂಥ ಚಿತ್ರ ತೆಗೆದರೂ ಗುಟ್ಟಿಗೇನೂ ಅಪಾಯವಿಲ್ಲ ಎಂಬುದನ್ನು ಮೊದಲೇ ಯೋಚಿಸಿದ್ದ. ಚಿತ್ರದಲ್ಲಿ ಇರುವುದೇನು? ಒಂದು ಅಣಬೆ, ಒಂದು ಅಡಿಪಟ್ಟಿ, ಹಿಂದೆ ಪೈನ್ ಮರ. ಲಿಥುವೇನಿಯಾದಲ್ಲಿ ಪೈನ್ ಮರಕ್ಕೇನು ಬರವೇ?

ಸೋಮವಾರ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿದ. ಕೆಂಪಿನದರಲ್ಲಿ ಅಣಬೆ ಪರವಾಗಿಲ್ಲ, ಹಿಂದಿನದೆಲ್ಲ ಹಸಿರು ಗಂಜಿ. ಬೆಳ್ಳಿಯದ್ದು ನೋಡಿ ಅವನಿಗೆ ರೋಮಾಂಚನವಾಯಿತು. ಇಪ್ಪತ್ತು ಹೆಜ್ಜೆ ಹಿಂದೆ, ಎಡಗಡೆಯ ಮೇಲ್ಮೂಲೆಯಲ್ಲಿ, ಒಂದು ಬಿಳಿ ಗೂಟ; ಭೂತಗನ್ನಡಿ ಹಿಡಿದರೆ ಅದರ ಮೇಲಿನ ಅಂಕಿಯೂ ಓದಬಹುದು. ನೋಟ್‌ಬುಕ್ಕಿನಲ್ಲಿ ಬರೆದ: 'ದೂರದ ಅಕ್ಷರ ಸ್ಪಷ್ಟ. 214. ಹತ್ತಕ್ಕೆ ಹತ್ತು.' ಅದು ಅವನಿಗೆ ಅಂಕಿಯಾಗಿ ಕಂಡಿತೇ ಹೊರತು ವಿಳಾಸವಾಗಿ ಕಾಣಲಿಲ್ಲ.

ಗೆದ್ದದ್ದು ಯಾವುದೆಂದು ಗೊತ್ತಾಗಿಹೋಗಿತ್ತು. ಆದರೂ ನ್ಯಾಯ ಎಂದರೆ ನ್ಯಾಯ. ಹೆಂಡತಿ, ಅತ್ತೆ ಇಬ್ಬರೂ ಕೆಂಪಿನ ಕಡೆಗಿದ್ದರು. ಅವರ ಬಾಯಿ ಮುಚ್ಚಿಸಲು ನಿಷ್ಪಕ್ಷಪಾತ ಜನಮತ ಬೇಕಿತ್ತು. ಮಂಗಳವಾರ ಎರಡೂ ಚಿತ್ರಗಳನ್ನು ಆಫೀಸಿನ ನೋಟೀಸು ಹಲಗೆಗೆ ಚುಚ್ಚಿ, ಕೆಳಗೆ 'ಒಂದು', 'ಎರಡು' ಎಂದು ಬರೆದು, ಯಾವುದು ಉತ್ತಮವೆಂದು ಗುರುತು ಹಾಕಿ ಎಂದು ಹಾಳೆ ತೂಗುಹಾಕಿದ.

ಅಷ್ಟು ಆಸಕ್ತಿಯನ್ನು ಅವನೂ ನಿರೀಕ್ಷಿಸಿರಲಿಲ್ಲ. ಇಲಾಖೆಯಲ್ಲಿ ಹನ್ನೊಂದು ಜನ. ತಕ್ಕಡಿಯ ಗೀಟು ನೋಡಲು ಎಲ್ಲರ ಜೇಬಿನಲ್ಲೂ ಭೂತಗನ್ನಡಿ. ಬೆಳ್ಳಿಯ ಚಿತ್ರದ ಮುಂದೆ ಸಾಲು ನಿಂತಿತು. ಮೇಲಧಿಕಾರಿ ರೆಗೀನಾ ಮೇಡಂ ಮೂರು ಸಲ ಬಂದು ನೋಡಿದರು. ಪಕ್ಕದ ಮೇಜಿನ ಝೆನೋನಸ್ ಮೆಲ್ಲಗೆ ಹತ್ತಿರ ಬಂದ.

"ಮಾರಾಯ, ಇದನ್ನ ಇನ್ನೂ ದೊಡ್ಡದು ಮಾಡಿಸಬಹುದಾ?"

"ಯಾಕೆ?"

"ಇಡೀದು ಬೇಡ. ಎಡಗಡೆ ಮೇಲಿನ ಮೂಲೆ ಮಾತ್ರ."

ರಾಪೋಲಸ್‌ನ ಕಣ್ಣು ತೇವವಾಯಿತು. ಅಗ್ಗದ ಕ್ಯಾಮೆರಾದ ಬಂಡವಾಳ ಹೊರಬೀಳುವುದು ಮೂಲೆಯಲ್ಲಿ ಎಂದು ಅವನು ಪತ್ರಿಕೆಯೊಂದರಲ್ಲಿ ಓದಿದ್ದ. ಇಷ್ಟು ವರ್ಷ ಪಕ್ಕದಲ್ಲಿ ಕೂತ ಝೆನೋನಸ್‌ಗೆ ಇಷ್ಟು ಸೂಕ್ಷ್ಮದೃಷ್ಟಿ ಇದೆಯೆಂದು ಗೊತ್ತೇ ಇರಲಿಲ್ಲ. ಬುಧವಾರ ಆ ಮೂಲೆಯನ್ನು ಇಡೀ ಹಾಳೆಯಷ್ಟು ದೊಡ್ಡದು ಮಾಡಿಸಿ ತಂದು ಹಲಗೆಗೆ ಹಾಕಿದ. ಬಿಳಿ ಗೂಟ, ಕಪ್ಪು ಅಂಕಿ. ಎಲ್ಲರೂ ಅವನ ಕೈ ಕುಲುಕಿದರು. ಶುಕ್ರವಾರ ಫಲಿತಾಂಶ: ಬೆಳ್ಳಿಗೆ ಹತ್ತು, ಕೆಂಪಿಗೆ ಸೊನ್ನೆ, ತನ್ನದೇ ಮತ ಸೇರಿಸಿದರೆ ಹನ್ನೊಂದು.

"ನೋಡಿದ್ಯಾ?" ಎಂದ ಅಲ್ದೋನಾಗೆ.

"ನಾಳೆ ಹದಿನಾಲ್ಕನೇ ದಿನ," ಎಂದಳು ಅವಳು. "ಕೆಂಪಿನ ಡಬ್ಬ ಇಳಿಸು."

ಮರುದಿನ ಬೆಳಗಾಗುವುದಕ್ಕೆ ಮುಂಚೆ ಮಾವ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಕ್ಟೋಬರಿನ ಊಟಕ್ಕೆ ಉಪ್ಪಿನಕಾಯಿ ಹಾಕಲು ಅಣಬೆ ಬೇಕಿತ್ತು. ಇಬ್ಬರೂ ಕಾರಿನಲ್ಲಿ ಹೊರಟರು. ಕಾಡಿನ ಮಣ್ಣುದಾರಿಯ ತಿರುವಿನಲ್ಲಿ ಝೆನೋನಸ್‌ನ ಹಸಿರು ಕಾರು ನಿಂತಿತ್ತು. ರಾಪೋಲಸ್‌ಗೆ ಆಶ್ಚರ್ಯವಾಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಇನ್ನೂ ನಾಲ್ಕು. ಕೊನೆಯಲ್ಲಿ, ಪಕ್ಕೆಯ ಮೇಲೆ 'ತೂಕ ಮತ್ತು ಅಳತೆ' ಎಂದು ದಪ್ಪಕ್ಷರದಲ್ಲಿ ಬರೆದ ಇಲಾಖೆಯ ವ್ಯಾನು. ಅದು ಕಂಡ ಮೇಲೆ ಆಶ್ಚರ್ಯ ಹೋಗಿ ಅವನಿಗೆ ಹಲಗೆಯ ಮೇಲಿನ 214 ನೆನಪಾಯಿತು.

ಗೂಟದ ಹತ್ತಿರ ರೆಗೀನಾ ಮೇಡಂ ಸಿಕ್ಕರು. ಬೆನ್ನ ಹಿಂದೆ ಏನೋ ಇತ್ತು.

"ನಾಯಿ ತಿರುಗಾಡ್ಸೋಕೆ ಬಂದೆ."

"ನಾಯಿ ಎಲ್ಲಿ ಮೇಡಂ?"

"ಮನೇಲಿದೆ."

ಪೊದೆಯಿಂದ ಝೆನೋನಸ್ ಎದ್ದ. ಅವನ ಬುಟ್ಟಿ ತುಂಬಿ, ಟೋಪಿ ತುಂಬಿ, ಕೋಟಿನ ಜೇಬೂ ಉಬ್ಬಿತ್ತು. "ಬಾ ಬಾ. ನೀನಿಲ್ಲದೆ ಒಂದು ಥರ ಅನ್ನಿಸ್ತಿತ್ತು. ಎಂಥ ದೊಡ್ಡ ಮನಸ್ಸು ಮಾರಾಯ ನಿಂದು. ಯಾರಾದ್ರೂ ಆಫೀಸಿನ ಹಲಗೆ ಮೇಲೆ ಹಾಕ್ತಾರಾ? ಅದೂ ದೊಡ್ಡದು ಮಾಡ್ಸಿ."

ರಾಪೋಲಸ್ ಮಾವನ ಕಡೆ ನೋಡಲಿಲ್ಲ. ಮಾವ ಗೂಟವನ್ನು ನೋಡಿದರು, ಅಣಬೆಯ ಬುಡ ಕೊಯ್ದ ಬಿಳಿ ಗುರುತುಗಳನ್ನು ನೋಡಿದರು, ಖಾಲಿ ಬುಟ್ಟಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

"ನಿಮ್ಮ ಆಫೀಸಿನವರು ಬೇಗ ಏಳ್ತಾರೆ," ಎಂದರು.

ಮಾವನನ್ನು ಇಳಿಸಿ ರಾಪೋಲಸ್ ಸೀದಾ ಮನೆಗೆ ಬಂದು, ಬೀರುವಿನಿಂದ ಒಂದು ಡಬ್ಬ ಇಳಿಸಿ ಅಂಗಡಿಗೆ ಹೋದ. ಅಲ್ಲಿನ ಹುಡುಗಿ ಬೆಳ್ಳಿ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿ ಒಂದು ಫಾರಂ ಕೊಟ್ಟಳು. 'ಹಿಂದಿರುಗಿಸಲು ಕಾರಣ' ಎಂಬಲ್ಲಿ ಅವನು ಬರೆದ: 'ಎಲ್ಲವೂ ಕಾಣಿಸುತ್ತದೆ.'

"ಇದು ದೋಷಾನಾ ಸಾರ್?"

"ಬಹಳ ದೊಡ್ಡ ದೋಷ ಕಣಮ್ಮ."

ಭಾನುವಾರ ಮಾವನ ಮನೆಯಲ್ಲಿ ಊಟ. ಕಾಯಿಲೆ ಎಂದು ತಪ್ಪಿಸಿಕೊಳ್ಳಲು ನೋಡಿದವನನ್ನು ಅಲ್ದೋನಾ ಎಳೆದುಕೊಂಡು ಹೋದಳು. ಮಾವ, ಅತ್ತೆ, ಎದುರಿಗೆ ಎವಾಲ್ದಸ್ ಮತ್ತು ಅವನ ಹೆಂಡತಿ. ಅತ್ತೆ ದೊಡ್ಡ ಪಾತ್ರೆ ತಂದು ಮಧ್ಯದಲ್ಲಿಟ್ಟು ಮುಚ್ಚಳ ತೆಗೆದರು. ಹುಳಿಕೆನೆಯಲ್ಲಿ ಬೇಯಿಸಿದ ರಾಜ ಅಣಬೆ, ಪಾತ್ರೆಯ ಕಂಠದವರೆಗೆ. ರಾಪೋಲಸ್ ಪಾತ್ರೆಯನ್ನೂ ಮಾವನನ್ನೂ ನೋಡಿದ.

"ಇದು... ಎಲ್ಲಿಂದ?"

"ಕಾಡಿಂದ," ಎಂದರು ಮಾವ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಉದ್ದಕ್ಕೆ ಮಾತಾಡಿದರು. "ನೀನು ಎರಡು ಕ್ಯಾಮೆರಾ ತಂದು ಎರಡಕ್ಕೂ ಒಂದೇ ಅಣಬೆ ತೋರಿಸ್ದೆ. ನಾನು ಹೋದ ವರ್ಷ ಇಬ್ಬರು ಅಳಿಯಂದಿರಿಗೂ ಒಂದೊಂದು ಜಾಗ ತೋರಿಸ್ದೆ. ಸುಮಾರಾದ ಜಾಗಗಳೇ. ವರ್ಷ ತುಂಬೋದ್ರೊಳಗೆ ಯಾವುದು ಊರಿಗೆಲ್ಲ ಗೊತ್ತಾಗುತ್ತೆ ನೋಡೋಣ ಅಂತ. ಗುಟ್ಟು ಉಳಿಸಿಕೊಂಡವನಿಗೆ ಅಸಲಿ ಜಾಗ."

ರಾಪೋಲಸ್ ನಿಧಾನವಾಗಿ ಷಡ್ಡಕನ ಕಡೆ ತಿರುಗಿದ. "ನಿಂಗೂ ತೋರಿಸಿದ್ರಾ?"

"ಏನನ್ನ?" ಎಂದು ಕೇಳಿ ಎವಾಲ್ದಸ್ ಇನ್ನೊಂದು ಆಲೂಗಡ್ಡೆ ಹಾಕಿಕೊಂಡ.

"ಕ್ಯಾಮೆರಾ ಪರೀಕ್ಷೆ ಮಾಡಿದ ಹಾಗೆ ಮನುಷ್ಯರನ್ನ ಪರೀಕ್ಷೆ ಮಾಡೋದಾ ಮಾವ?" ಎಂದ ರಾಪೋಲಸ್.

"ನಾನು ಅಂಕ ಹಾಕಲಿಲ್ಲ," ಎಂದರು ಮಾವ ಸಮಾಧಾನ ಹೇಳುವ ಹಾಗೆ.

ಅಲ್ದೋನಾ ಗಂಡನ ತಟ್ಟೆಗೆ ಅಣಬೆ ಬಡಿಸುತ್ತ ಹೇಳಿದಳು, "ಹಾಗಾದ್ರೆ ಸೋತದ್ದನ್ನ ವಾಪಸ್ ಕೊಟ್ಟುಬಿಡೋದಲ್ವಾ ಅಪ್ಪಾ? ಇವನದೇ ನಿಯಮ."

ಪ್ರಾನಸ್ ಮಾವ ಚಮಚ ಕೆಳಗಿಟ್ಟು ರಾಪೋಲಸ್‌ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಹದಿನಾಲ್ಕು ದಿನ ದಾಟಿಹೋಗಿದೆಯಲ್ಲಮ್ಮ. ಹತ್ತೊಂಬತ್ತು ವರ್ಷದಷ್ಟು. ಆ ಡಬ್ಬಾನೂ ನಾವು ಇಟ್ಕೊಂಡಿಲ್ಲ."

ಆಗ ರಾಪೋಲಸ್‌ನ ಮುಖ ಹೇಗಾಯಿತೋ ಅದನ್ನು ಸೆರೆಹಿಡಿಯಲೆಂದು ಅಲ್ದೋನಾ ಕೈಚೀಲದಿಂದ ಕೆಂಪು ಕ್ಯಾಮೆರಾ ತೆಗೆದು ಗುಂಡಿ ಒತ್ತಿದಳು. ಪುಣ್ಯಕ್ಕೆ ಚಿತ್ರ ಮಸುಕಾಗಿ ಬಂತು.