ನಮ್ಮ ಕಿಟಕಿಯ ಮೋಡಗಳಿಗೊಂದು ಸರ್ವರ್

ನಮ್ಮ ಮನೆಯ ಕಿಟಕಿಯಿಂದ ಕಾಣುವ ಆಕಾಶವನ್ನು ನಾನೊಬ್ಬನೇ ಅನುಭವಿಸುವುದು ಲೋಕಕ್ಕೆ ಮಾಡುವ ಅನ್ಯಾಯ ಎಂದು ಒಂದು ಭಾನುವಾರ ನನಗೆ ಹೊಳೆಯಿತು. ಕೂಡಲೇ ತೀರ್ಮಾನಿಸಿದೆ: ಸ್ವಂತ ಸರ್ವರ್ ಕಟ್ಟುತ್ತೇನೆ, ನಮ್ಮ ಮೋಡಗಳನ್ನು ಜಗತ್ತಿಗೆ ಹಂಚುತ್ತೇನೆ. ಸರ್ವರಿಗೂ ಸಿಗದಿದ್ದರೆ ಅದೆಂಥ ಸರ್ವರ್?

ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ತಂದೆ. ಮೆಮೊರಿ ಕಾರ್ಡಿಗೆ ಲಿನಕ್ಸ್ ಎಂಬ ತಂತ್ರಾಂಶ ತುಂಬಿ, ಪುಟ್ಟ ಕ್ಯಾಮೆರಾ ಸಿಕ್ಕಿಸಿ, ಕಿಟಕಿಯ ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿದೆ. ಯಾರು ನನ್ನ ವೆಬ್ ಪುಟ ತೆರೆದರೂ ಆ ಕ್ಷಣದ ಆಕಾಶವನ್ನು ಅವರಿಗೆ ಕಳಿಸಬೇಕು. ಬೋರ್ಡಿಗೆ ಬೇರೆ ಕಸುಬಿಲ್ಲ.

ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ, "ಇಷ್ಟು ದಿನ ನೀವೊಬ್ಬರೇ ಸುಮ್ನೆ ಆಕಾಶ ನೋಡ್ತಾ ಕೂತಿರ್ತಿದ್ರಿ. ಈಗ ಊರವರನ್ನೂ ಕೆಡಿಸ್ತೀರಾ?" ಎಂದಳು.

"ಮನಸ್ಸಿಗೆ ಎಷ್ಟು ನೆಮ್ಮದಿ ಗೊತ್ತಾ? ನಿಮ್ಮ ಪೇಶಂಟ್‌ಗಳು ಹೆದರಿಕೊಂಡು ಕಾಯ್ತಿರ್ತಾರಲ್ಲ, ಅಲ್ಲಿನ ಟೀವಿಗೆ ಇದನ್ನ ಹಾಕಿ ನೋಡು."

ಅದೇನು ಮನಸ್ಸು ಬಂತೋ, ಒಪ್ಪಿಕೊಂಡಳು. ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಮಾಡಿ, "ಎಲ್ಲರೂ ತೆಪ್ಪಗೆ ಕೂತು ಮೋಡ ನೋಡ್ತಿದ್ದಾರೆ ಕಣ್ರೀ," ಎಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಸರ್ವರ್ ಕಾಯಲೆಂದೇ ಅಂದು ಕಚೇರಿಗೆ ರಜೆ ಹಾಕಿದ್ದೆ.

ಮಧ್ಯಾಹ್ನ ಬಿಸಿಲಿಗೆ ಬೋರ್ಡ್ ಕೆಂಡವಾಯಿತು. ಟೇಬಲ್ ಫ್ಯಾನ್ ತಂದು ಅದರತ್ತ ತಿರುಗಿಸಿ, ಪಕ್ಕದಲ್ಲೇ ಆರಾಮಕುರ್ಚಿ ಹಾಕಿಕೊಂಡು ಕಾವಲಿಗೆ ಕೂತೆ. ತಣ್ಣನೆ ಗಾಳಿ. ಪರದೆ ದೋಣಿಯ ಹಾಯಿಯಂತೆ ಉಬ್ಬುತ್ತಿತ್ತು. ಆಚೆ ಒಂದು ಬಿಳಿ ಮೋಡ ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿತ್ತು. ನಾನೂ ಅದರೊಡನೆ ಹೊರಟೆ. ಕೆಳಗೆ ಊರೂರುಗಳ ಜನ ತಲೆಯೆತ್ತಿ ಕೈಬೀಸುತ್ತಿದ್ದರು. ದೂರದಲ್ಲೆಲ್ಲೋ ನನ್ನ ಗೌರವಾರ್ಥ ಗಂಟೆ ಬಾರಿಸುತ್ತಿದ್ದರು. ಬಾರಿಸುತ್ತಲೇ ಇದ್ದರು.

ಅದು ಫೋನ್.

"ಎದ್ರಾ? ಮೊದಲು ಗಲ್ಲ ಒರೆಸ್ಕೊಳ್ಳಿ."

ಒರೆಸಿಕೊಂಡೆ. ಆಮೇಲೆ ಬೆಚ್ಚಿದೆ. "ನಿಂಗೆ ಹೇಗೆ ಗೊತ್ತಾಯ್ತು?"

"ನನಗೊಬ್ಬಳಿಗಾ? ಇಲ್ಲಿ ಕೂತಿರೋರಿಗೆಲ್ಲ ಗೊತ್ತಾಯ್ತು."

ಕಿಟಕಿಯತ್ತ ನೋಡಿದೆ. ಉಬ್ಬಿದ ಪರದೆ ಕ್ಯಾಮೆರಾವನ್ನು ಒಳಕ್ಕೆ ತಿರುಗಿಸಿಬಿಟ್ಟಿತ್ತು. ಅದು ಒಂದು ಮಾರು ದೂರದಿಂದ ನನ್ನ ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತಿತ್ತು.

"ಟೀವಿ ಆಫ್ ಮಾಡಬಾರದಿತ್ತಾ?"

"ಮಾಡೋಕೆ ಹೋದೆ, ಯಾರೂ ಬಿಡಲಿಲ್ಲ. ಹಲ್ಲು ಕೀಳಿಸೋಕೆ ನಡುಗ್ತಾ ಬಂದಿದ್ದ ಅಜ್ಜಿ, ನಿಮ್ಮನ್ನ ನೋಡ್ತಾ ನೋಡ್ತಾ ತಾವೂ ಗೊರಕೆ ಹೊಡೆದ್ರು."

ಮೋಡವಲ್ಲದಿದ್ದರೇನು, ನನ್ನಿಂದಲಾದರೂ ಲೋಕಕ್ಕೆ ನೆಮ್ಮದಿ ಸಿಕ್ಕಿತಲ್ಲ ಎಂದು ಒಳಗೊಳಗೇ ಬೀಗಿದೆ. ಆದರೂ ಅವಳ ಕೆಲಸದ ಚಿಂತೆಯಾಗಿ, "ಡಾಕ್ಟರಿಗೆ ಕೋಪ ಬಂತಾ?" ಎಂದು ಕೇಳಿದೆ.

"ಇಲ್ಲಪ್ಪ. ಟೀವಿ ಮುಂದೇನೇ ನಿಂತು, ಕನ್ನಡಕ ಸರಿಮಾಡ್ಕೊಂಡು, ತುಂಬಾ ಹೊತ್ತು ನೋಡಿದ್ರು. ಇಷ್ಟು ಚೆನ್ನಾಗಿ ಬಾಯಿ ತೆಗೆಯೋರು ಸಿಗೋದೇ ಅಪರೂಪ ಅಂದ್ರು. ಬಲಗಡೆ ದವಡೆ ಹಲ್ಲು ಹುಳುಕಾಗಿದೆಯಂತೆ. ಸಂಜೆ ಬಂದ್ಬಿಡಿ, ಅಜ್ಜಿ ಆದ್ಮೇಲೆ ನಿಮ್ಮ ಸರದಿ."